ಬಣ್ಣ ಹೊಡೆದದ್ದೆಲ್ಲ ರೀಕಂಡೀಷನ್ ಅಲ್ಲ

1/10
ಫೋಟೋದಲ್ಲಿ ಎರಡು ಕಟರ್ ಮೆಷಿನ್ ಇದೆ. ಒಂದು ಪಳಪಳ ಹೊಳೀತಿದೆ, ಇನ್ನೊಂದಕ್ಕೆ ಮೈತುಂಬ ಮರದ ಪುಡಿ. ನಿನ್ನೆ ಸ್ಟೋರಿಯಲ್ಲಿ "ಯಾವುದು ಹೊಸದು?" ಅಂತ ಪೋಲ್ ಹಾಕಿದ್ದೆ. ಹೆಚ್ಚಿನವರು ಹೊಳೆಯೋದನ್ನೇ ಒತ್ತಿದ್ರಿ. ತಪ್ಪು ಮಾರಾಯ್ರೆ. ಹೊಳೆಯೋದೇ ಹಳೇದು. ಅದಕ್ಕೆ ಬಣ್ಣ ಹೊಡೆದಿದ್ದಾರೆ, ಅಷ್ಟೆ. ಪುಡಿ ಮೆತ್ತಿಕೊಂಡದ್ದು ನಾಲ್ಕು ತಿಂಗಳ ಹಿಂದೆ ಡಬ್ಬಾ ಒಡೆದು ತೆಗೆದ ಹೊಸದು.

ಈ ಸಲದ ಸೀರೀಸ್ ಇದರ ಮೇಲೆ. "ಬಿಕಾಂ ಓದೋ ಹುಡುಗಿಗೆ ಮೆಷಿನ್ ವಿಷಯ ಎಂತಕ್ಕೆ?" ಅಂತ ಈಗಾಗಲೇ ಇಬ್ಬರು ಮೆಸೇಜ್ ಮಾಡಿದ್ದೀರಿ. ಎಂತಕ್ಕೆ ಅಂದ್ರೆ ನಮ್ಮಪ್ಪ ಮರಗೆಲಸ ಮಾಡ್ತಾರೆ, ಮನೆ ಲೆಕ್ಕದ ಪುಸ್ತಕ ಬರೆಯೋದು ನಾನು. ಊರು ಹೊಸನಗರ ತಾಲ್ಲೂಕು, ಓದೋದು ಸಾಗರದಲ್ಲಿ, ಚಿಕ್ಕಪ್ಪನ ಮನೆ ತೀರ್ಥಹಳ್ಳಿ ಕಡೆ. ಮೂರೂ ಕಡೆ ಒಂದೇ ಚರ್ಚೆ ಕೇಳಿ ಕೇಳಿ ಸಾಕಾಗಿದೆ: ಹೊಸದು ತಗೊಳ್ಳೋದಾ, ರೀಕಂಡೀಷನ್ ತಗೊಳ್ಳೋದಾ? ಎರಡೂ ಕಡೆಯವರು ಅರ್ಧ ಸುಳ್ಳು ಹೇಳ್ತಾರೆ ಅನ್ನೋದು ನನ್ನ ವಾದ. ಸ್ವೈಪ್ ಮಾಡಿ.

2/10
ಮೊದಲು ನಮ್ಮನೆ ಕಥೆ.

ಎರಡು ವರ್ಷದ ಹಿಂದೆ ಅಪ್ಪನ ಕಟರ್ ಸುಟ್ಟು ಹೋಯ್ತು. ಮಳೆಗಾಲ ಮುಗಿದು ಗೃಹಪ್ರವೇಶದ ಕೆಲಸಗಳು ಶುರುವಾಗೋ ಹೊತ್ತು. ಹೊಸದಕ್ಕೆ 4,200 ಅಂದ್ರು. ಪೇಟೆಯ ಒಂದು ಅಂಗಡಿಯಲ್ಲಿ "ರೀಕಂಡೀಷನ್ ಪೀಸ್, ಹೊಸದರ ಹಾಗೇ ಇದೆ" ಅಂತ 1,800ಕ್ಕೆ ಕೊಟ್ರು. 2,400 ರೂಪಾಯಿ ಉಳಿತು ಅಂತ ಅಮ್ಮ ಖುಷಿಪಟ್ಟಳು. ನಾನೇ ಪುಸ್ತಕದಲ್ಲಿ ಬರೆದೆ: ಉಳಿತಾಯ 2,400.

ಆ ಮೆಷಿನ್‌ಗೆ ಬ್ಲೇಡಿನ ಮೇಲಿನ ಗಾರ್ಡ್ ಇರ್ಲಿಲ್ಲ. ಸ್ವಿಚ್ ಒಳಗೆ ಸ್ಪ್ರಿಂಗ್ ಸತ್ತಿತ್ತು. ಬಿಟ್ರೂ ಒಂದೊಂದು ಸಲ ಆಫ್ ಆಗ್ತಿರಲಿಲ್ಲ. ಹನ್ನೊಂದನೇ ದಿನ ಅಪ್ಪನ ಎಡಗೈ ಎರಡು ಬೆರಳಿಗೆ ಬಿತ್ತು. ಬೆರಳು ಉಳಿದಿದೆ, ದೇವರು ದೊಡ್ಡವನು. ಆದ್ರೆ ಒಂದು ಬೆರಳು ಇವತ್ತಿಗೂ ಪೂರ್ತಿ ಮಡಚಲ್ಲ. 38 ದಿನ ಕೆಲಸ ಇಲ್ಲ. ದಿನಕ್ಕೆ 900ರ ಹಾಗೆ ಹಾಕಿದ್ರೂ 34,200. ಆಸ್ಪತ್ರೆ ಖರ್ಚು ಬೇರೆ. ಉಳಿಸಿದ್ದರ ಹದಿನಾಲ್ಕು ಪಟ್ಟು ಹೋಯ್ತು.

ಅಂಗಡಿಗೆ ಹೋಗಿ ಕೇಳಿದೆ. "ಹಳೇ ಮಾಲಿಗೆ ಗ್ಯಾರಂಟಿ ಇರಲ್ಲಮ್ಮ" ಅಂದ್ರು. ಬಿಲ್ಲು? ಅದೂ ಇಲ್ಲ. ಆ ದಿನ ಬಸ್ಸಲ್ಲಿ ಕೂತು ಅತ್ತದ್ದು ಸಿಟ್ಟಿಗೆ.

3/10
ಇದನ್ನ ಹೇಳಿದ ಕೂಡ್ಲೆ ಎಲ್ಲರ ಉತ್ತರ ಒಂದೇ: "ಅದಕ್ಕೇ ಹೇಳೋದು, ಹಳೇದು ಮುಟ್ಟಬಾರ್ದು. ಹೊಸದೇ ತಗೊಳ್ಬೇಕು." ತಡೀರಿ. ಆ ಕಥೆನೂ ಹೇಳ್ತೀನಿ.

ಚಿಕ್ಕಪ್ಪನ ಮಗ, ನನ್ನ ಅಣ್ಣ, ತೋಟಗಳಲ್ಲಿ ಕಳೆ ಹೊಡೆಯೋ ಕೆಲಸ ಹಿಡಿದಿದ್ದಾನೆ. 24,000ದ ವೀಡ್ ಕಟರ್ ಕಂತಲ್ಲಿ ತಗೊಂಡ. ತಿಂಗಳಿಗೆ 2,300, ಹನ್ನೆರಡು ಕಂತು. ಒಟ್ಟು 27,600. ಮೊದಲ ದಿನ ಸ್ಟೇಟಸ್ ಹಾಕಿದ್ದೇ ಹಾಕಿದ್ದು.

ಆಮೇಲೆ ಆಷಾಢದ ಮಳೆ. ಆಗುಂಬೆ ಬದಿಯ ಮಳೆ ನಿಮಗೆ ಹೇಳ್ಬೇಕಾ? ವಾರಗಟ್ಟಲೆ ತೋಟಕ್ಕೆ ಇಳಿಯೋ ಹಾಗಿಲ್ಲ. ಮೆಷಿನ್ ಅಟ್ಟದ ಮೇಲೆ. ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಕು ಸರಿಯಾಗಿ ಬರ್ತದೆ. ಕಂತಿಗೆ ಮಳೆಗಾಲ ಗೊತ್ತಿಲ್ಲ. ಎರಡು ಕಂತು ತಪ್ಪಿತು, ದಂಡ ಬಿತ್ತು, ಕೊನೆಗೆ ಅತ್ತಿಗೆಯ ಬಳೆ ಅಡ ಹೋಯ್ತು.

ಅವನ ಲೆಕ್ಕ ನಾನು ಹಾಕಿದೆ. ವರ್ಷಕ್ಕೆ ಸುಮಾರು 60 ದಿನ ಕೆಲಸ. ಹೊಸ ಮೆಷಿನ್ ನಾಲ್ಕು ವರ್ಷ ಬಾಳಿತು ಅಂತಿಟ್ಕೊಳ್ಳಿ: 240 ದಿನಕ್ಕೆ 27,600, ದಿನಕ್ಕೆ 115. ಅದೇ ಮಾಡೆಲ್ ಹಳೇದು 11,000ಕ್ಕೆ ಸಿಗ್ತಿತ್ತು. ರಿಪೇರಿಗೆ 2,000 ಸೇರಿಸಿ. ಎರಡೇ ವರ್ಷ ಬಾಳಿದ್ರೂ 120 ದಿನಕ್ಕೆ 13,000, ದಿನಕ್ಕೆ 108. ಅಂದ್ರೆ ದಿನದ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರೋದು ಸಾಲದಲ್ಲಿ. ಹಳೇದಾಗಿದ್ರೆ ಬಳೆ ಕೈಯಲ್ಲೇ ಇರ್ತಿತ್ತು.

ಕ್ಲಾಸಲ್ಲಿ ಕಾಸ್ಟಿಂಗ್, ಡಿಪ್ರಿಸಿಯೇಷನ್ ಅಂತ ಬೋರ್ಡಿನ ಮೇಲೆ ಕಾರ್ಖಾನೆ ಲೆಕ್ಕ ಮಾಡ್ತೀವಲ್ಲ, ಮನೆ ಜಗಲಿಯಲ್ಲಿ ಒಂದ್ಸಲ ಮಾಡಿ ನೋಡಿ.

4/10
"ಸರ್ಕಾರ ಸಬ್ಸಿಡಿ ಕೊಡ್ತದಲ್ಲ, ಹೊಸದೇ ತಗೊಳ್ಳಿ" ಅನ್ನೋರಿಗೆ.

ಕೃಷಿ ಯಾಂತ್ರೀಕರಣದ ಸಬ್ಸಿಡಿ ಹೊಸ ಮೆಷಿನ್‌ಗೆ. ಅರ್ಜಿಗೆ ಪಹಣಿ ಬೇಕು. ತೋಟ ಇದ್ದವರ ಹತ್ರ ಪಹಣಿ ಇರ್ತದೆ. ಆ ತೋಟದಲ್ಲಿ ದಿನವಿಡೀ ಮೆಷಿನ್ ಹೆಗಲಿಗೆ ಹಾಕಿಕೊಂಡು ಕಳೆ ಹೊಡೆಯೋ ನಮ್ಮಣ್ಣನ ಹತ್ರ ಇಲ್ಲ. ಮರಗೆಲಸದವನ ಕಟರು, ಡ್ರಿಲ್ಲು ಕೃಷಿ ಯಂತ್ರವೇ ಅಲ್ಲ. ಹಾಗಾಗಿ ವರ್ಷಕ್ಕೆ ಹತ್ತು ದಿನ ಓಡಿಸೋರಿಗೆ ಹೊಸದು ಅಗ್ಗ, ದಿನಾ ಓಡಿಸಿ ಹೊಟ್ಟೆ ಹೊರೆಯೋನಿಗೆ ಹೊಸದು ದುಬಾರಿ. ಇದು ಯಾರಿಗೂ ವಿಚಿತ್ರ ಅನ್ಸಲ್ವಾ?

ತೋಟದವರ ಮೇಲೆ ನನಗೆ ಸಿಟ್ಟಿಲ್ಲ. ಕೊಳೆ ರೋಗ ಬಂದ ವರ್ಷ ಅವರ ಪಾಡೂ ಗೊತ್ತು. ಆದ್ರೆ "ಬಡವನಿಗೆ ಹಳೇದು ಸಾಕು" ಅಂತ ವ್ಯವಸ್ಥೆನೇ ತೀರ್ಮಾನ ಮಾಡಿರುವಾಗ, ಆ ಹಳೇದಾದ್ರೂ ಸರಿಯಾಗಿರಬೇಕು ಅಂತ ಕೇಳೋದು ತಪ್ಪಾ?

ಇನ್ನೊಂದು ಮಾತು. ವರ್ಷಕ್ಕೆ ಹತ್ತೇ ದಿನ ಬೇಕು ಅನ್ನೋರು ಹೊಸದೂ ತಗೋಬೇಡಿ, ಹಳೇದೂ ತಗೋಬೇಡಿ. ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಕೊಡೋದಕ್ಕೇ ಕೃಷಿ ಯಂತ್ರಧಾರೆ ಅಂತ 2014-15ರಿಂದ ಇದೆ. ನಿಮ್ಮ ಹೋಬಳಿಯಲ್ಲಿ ಯಾವ ಮೆಷಿನ್ ಸಿಗ್ತದೆ ಅಂತ ವಿಚಾರಿಸಿ.

5/10
ಹಳೇದು ಅಂದ್ರೆ ಮೂಗು ಮುರಿಯೋ ನನ್ನ ಕ್ಲಾಸ್‌ಮೇಟ್ಸ್‌ಗೆ ಈ ಫೋಟೋ: ನಮ್ಮಜ್ಜಿಯ ಕತ್ತಿ. ಹಿಡಿ ಮೂರು ಸಲ ಬದಲಾಗಿದೆ. ಕುಲುಮೆಯಲ್ಲಿ ಎಷ್ಟು ಸಲ ಹದ ಹಾಕಿಸಿದ್ದಾರೋ ಲೆಕ್ಕವಿಲ್ಲ. ಇವತ್ತಿಗೂ ಬಾಳೆ ಕಡಿಯೋದು ಇದರಲ್ಲೇ. ಶ್ರೀಗಂಧದ ಕೆತ್ತನೆಗೆ ಹೆಸರಾದ ಸಾಗರದ ಗುಡಿಗಾರರು ಉಳಿ ಮೊಂಡಾಯ್ತು ಅಂತ ಎಸೀತಾರಾ? ಮಸೆದು ಮಸೆದು ಬಳಸ್ತಾರೆ. ರೀಕಂಡೀಷನ್ ಅನ್ನೋದು ಈಗ ಬಂದ ಇಂಗ್ಲಿಷ್ ಪದ. ಹದ ಹಾಕಿಸೋದು ನಮ್ಮ ಹಳೇ ಪದ್ಧತಿ.

ಕುಲುಮೆಯವರು ಕತ್ತಿಗೆ ಬಣ್ಣ ಬಳಿದು "ಹದ ಹಾಕಿದೀನಿ" ಅಂದಿದ್ರೆ ಊರಲ್ಲಿ ಬಿಡ್ತಿದ್ರಾ? ಮೆಷಿನ್ ವಿಷಯದಲ್ಲಿ ಮಾತ್ರ ನಾವು ಬಿಡ್ತಿದ್ದೀವಿ.

ನಿಜವಾದ ರೀಕಂಡೀಷನ್ ಅಂದ್ರೆ ಎಂತದು? ಮೆಷಿನ್ ಪೂರ್ತಿ ಬಿಚ್ಚಬೇಕು. ಸವೆದ ಕಾರ್ಬನ್ ಬ್ರಷ್ ಬದಲಿಸಬೇಕು. ಬೇರಿಂಗ್ ನೋಡಬೇಕು, ಆಡ್ತಿದ್ರೆ ಹೊಸದು ಹಾಕಬೇಕು. ಆರ್ಮೇಚರ್ ಪರೀಕ್ಷೆ ಮಾಡಬೇಕು. ಗೇರಿಗೆ ಹೊಸ ಗ್ರೀಸ್. ಸ್ವಿಚ್ಚು, ವಯರು, ಗಾರ್ಡು ಸರಿ ಇರಬೇಕು. ಜೋಡಿಸಿ ಓಡಿಸಿ ನೋಡಬೇಕು. ಏನೇನು ಬದಲಿಸಿದೆ ಅಂತ ಚೀಟಿಯಲ್ಲಿ ಬರೆದು ಕೊಡಬೇಕು. ಇಷ್ಟು ಮಾಡೋ ವೈಂಡಿಂಗ್ ಅಂಗಡಿಯವರು ನಮ್ಮ ಕಡೆ ಇದ್ದಾರೆ. ಅವರ ಕೈ ಮಸಿ ಆಗಿರ್ತದೆ, ಮೆಷಿನ್ ಅಷ್ಟೇನೂ ಹೊಳೆಯಲ್ಲ. ಬಣ್ಣ ಹೊಡೆಯೋರಿಂದ ಮೊದಲ ಏಟು ಬೀಳೋದು ಇಂಥವರಿಗೇ. ಇವರು 2,500 ಹೇಳಿದ್ರೆ ಜನ "ಅಲ್ಲಿ 1,800ಕ್ಕೆ ಹೊಸದರ ಹಾಗೆ ಇದೆಯಲ್ಲ" ಅಂತ ಎದ್ದು ಹೋಗ್ತಾರೆ. ನಾವೂ ಹಾಗೇ ಎದ್ದು ಹೋದವರೇ.

6/10
ಹಾಗಾದ್ರೆ ಯಾವುದು ಹೊಸದು, ಯಾವುದು ಹಳೇದು? ನನ್ನ ಸೂತ್ರ ಒಂದೇ ಸಾಲು:

ಕೆಟ್ಟರೆ ಕೆಲಸ ನಿಲ್ಲೋ ಮೆಷಿನ್ ಹಳೇದಾದ್ರೂ ಆಗ್ತದೆ. ಕೆಟ್ಟರೆ ಕೈ ಹೋಗೋ ಮೆಷಿನ್ ಹೊಸದೇ ಬೇಕು.

ಡ್ರಿಲ್ ಮೆಷಿನ್, ಸ್ಯಾಂಡರ್, ಬ್ಲೋವರ್: ಸರಿಯಾಗಿ ರಿಪೇರಿ ಆಗಿದ್ರೆ ಹಳೇದು ಧೈರ್ಯವಾಗಿ ತಗೊಳ್ಳಿ. ಹೆಚ್ಚಂದ್ರೆ ಮಧ್ಯಾಹ್ನದ ಹೊತ್ತಿಗೆ ನಿಂತು ಹೋಗ್ತದೆ. ಶಾಕ್ ಹೊಡೆಯಲ್ಲ ಅನ್ನೋದು ಮಾತ್ರ ಖಾತ್ರಿ ಇರಲಿ.

ಮಾರ್ಬಲ್ ಕಟರ್, ಗ್ರೈಂಡರ್, ಚೈನ್ ಸಾ: ಹೊಸದು. ಇಲ್ಲ, ಹಳೇದೇ ಗತಿ ಅಂದ್ರೆ ಕಂಪನಿ ಗಾರ್ಡು, ಸ್ವಿಚ್ಚು, ಚೈನ್ ಬ್ರೇಕು ಎಲ್ಲ ಸರಿ ಇರಬೇಕು. ಇಲ್ಲದಿದ್ರೆ ಬಿಟ್ಟಿ ಕೊಟ್ರೂ ಬೇಡ.

ವೀಡ್ ಕಟರ್: ಇಂಜಿನ್ ಹಳೇದಿರಲಿ, ಬ್ಲೇಡು ಮತ್ತೆ ಗಾರ್ಡು ಹೊಸದು. ನಮ್ಮ ತೋಟದಲ್ಲಿ ಜಂಬಿಟ್ಟಿಗೆ ಕಲ್ಲಿನ ಚೂರು ಎಲ್ಲಿರ್ತದೆ ಅಂತ ಯಾರಿಗೂ ಗೊತ್ತಿಲ್ಲ. ಬ್ಲೇಡಿಗೆ ತಾಗಿ ಹಾರಿದ್ರೆ ಕಣ್ಣಿಗೇ.

ಬ್ಯಾಟರಿ ಮೆಷಿನ್: ಬಾಡಿ ಹಳೇದಾಗಬಹುದು, ಬ್ಯಾಟರಿ ಬೇಡ. ಒಳಗೆ ಯಾವ ಸೆಲ್ ತುಂಬಿದ್ದಾರೆ ಅಂತ ಹೊರಗಿಂದ ಕಾಣಲ್ಲ.

ಇನ್ನು ಡಿಸ್ಕ್: ಯಾವತ್ತೂ ಹೊಸದು. ಕಬ್ಬಿಣ ಕತ್ತರಿಸೋ ತೆಳು ಡಿಸ್ಕಿನ ನಡುವಿನ ಲೋಹದ ಬಳೆ ನೋಡಿ, ಒಳ್ಳೆ ಕಂಪನಿಯವರು ಅದರ ಮೇಲೆ ತಿಂಗಳು, ವರ್ಷ ಅಚ್ಚು ಹಾಕಿರ್ತಾರೆ. ಅದು ಎಕ್ಸ್‌ಪೈರಿ. ತಯಾರಾಗಿ ಮೂರು ವರ್ಷದ ಲೆಕ್ಕ. ಅಂಟು ಹಾಕಿ ಮಾಡಿದ ಡಿಸ್ಕ್ ಅದು, ಥಂಡಿ ಹೊಡೆದ್ರೆ ಮೆತ್ತಗಾಗ್ತದೆ. ನಮ್ಮ ಮಳೆಗಾಲದಲ್ಲಿ ಗೋಡೆಗೇ ಬೂಸ್ಟು ಹಿಡೀತದೆ, ಡಿಸ್ಕ್ ಬಿಡ್ತದಾ? ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗ್ತದೆ. ಆ ವೇಗದಲ್ಲಿ ಡಿಸ್ಕ್ ಒಡೆದ್ರೆ ಅದು ಚೂರಲ್ಲ, ಗುಂಡು.

7/10
ಸೇವ್ ಮಾಡಿ ಇಟ್ಕೊಳ್ಳಿ. ಹಳೇದು ನೋಡೋಕೆ ಹೋದಾಗ ಅಂಗಡಿಯಲ್ಲಿ ಮಾಡೋ ಕೆಲಸ:

ಒಂದು. ಪ್ಲಗ್ ಹಾಕೋ ಮೊದಲು ಶಾಫ್ಟ್ ಹಿಡಿದು ಅಲುಗಾಡಿಸಿ. ಆಚೀಚೆ ಆಡಿದ್ರೆ ಬೇರಿಂಗ್ ಹೋಗಿದೆ.
ಎರಡು. ಸ್ವಿಚ್ ಹತ್ತು ಸಲ ಒತ್ತಿ ಬಿಡಿ. ಹತ್ತೂ ಸಲ ತಾನಾಗಿ ವಾಪಸ್ ಬರಬೇಕು. ಒಂಬತ್ತು ಸಲ ಸಾಲದು. ನಮ್ಮಪ್ಪನಿಗೆ ಕೈಕೊಟ್ಟಿದ್ದು ಆ ಹತ್ತನೇದು.
ಮೂರು. ಓಡಿಸಿ ಗಾಳಿಕಿಂಡಿಯಲ್ಲಿ ನೋಡಿ. ಕಾರ್ಬನ್ ಹತ್ರ ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಬೆಂಕಿ ಬಳೆ ಹಾಗೆ ಉರಿದ್ರೆ, ಸುಟ್ಟ ವಾರ್ನಿಷ್ ವಾಸನೆ ಬಂದ್ರೆ, ಬಿಟ್ಟು ಬನ್ನಿ.
ನಾಲ್ಕು. ಸೀರಿಯಲ್ ನಂಬರ್ ಪ್ಲೇಟ್ ಕೆರೆದಿದ್ರೆ ಕದ್ದ ಮಾಲು ಇರಬಹುದು. ಮುಟ್ಟಬೇಡಿ.
ಐದು. ಸ್ಕ್ರೂ ತಲೆ ನೋಡಿ. ಸ್ಕ್ರೂ ಮೇಲೂ ಬಣ್ಣ ಕೂತಿದ್ರೆ ಬಿಚ್ಚಿ ರಿಪೇರಿ ಮಾಡಿದ ಮೇಲೆ ಹೊಡೆದದ್ದೋ, ಬಿಚ್ಚದೆ ಹೊಡೆದದ್ದೋ ಕೇಳಿ. ನಿಮ್ಮೆದುರು ಬಿಚ್ಚಿ ತೋರಿಸಿ ಅನ್ನಿ. ತೋರಿಸಲ್ಲ ಅಂದ್ರೆ ಉತ್ತರ ಸಿಕ್ಕಿತು.
ಆರು. ವೀಡ್ ಕಟರ್, ಚೈನ್ ಸಾ ಆದ್ರೆ ಸ್ಲೋದಲ್ಲಿ ಬಿಡಿ. ಆಗ ಬ್ಲೇಡು, ಚೈನು ತಿರುಗಬಾರದು. ಚೈನ್ ಸಾದ ಬ್ರೇಕ್ ಮುಂದೆ ತಳ್ಳಿದ ಕೂಡ್ಲೆ ಚೈನ್ ನಿಲ್ಲಬೇಕು. ಹಗ್ಗ ನಿಧಾನ ಎಳೆದಾಗ ಕೈಗೆ ಬಿಗಿ ಗೊತ್ತಾಗಬೇಕು, ಸಲೀಸಾಗಿ ಬಂದ್ರೆ ಕಂಪ್ರೆಷನ್ ಇಲ್ಲ.
ಏಳು. ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ ಇಟ್ಟು ಇನ್ಸುಲೇಷನ್ ನೋಡಿಸಿ. ಮನೆಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಒದ್ದೆ ಅಂಗಳದಲ್ಲಿ ನಿಂತು ಕೆಲಸ ಮಾಡೋ ಊರು ನಮ್ಮದು.

8/10
ಈಗ ಬಿಕಾಂ ಹುಡುಗಿಯ ಮಾತು. "ಹಳೇ ಮಾಲಿಗೆ ಗ್ಯಾರಂಟಿ ಇಲ್ಲ, ಬಿಲ್ಲೂ ಇಲ್ಲ" ಅನ್ನೋದು ಅಂಗಡಿಯವರ ರೂಢಿ, ಕಾನೂನಲ್ಲ.

ಬಿಸಿನೆಸ್ ಲಾ ಪೇಪರಲ್ಲಿ 1930ರ ಸರಕು ಮಾರಾಟ ಕಾಯ್ದೆ ಬಾಯಿಪಾಠ ಮಾಡಿದೀವಲ್ಲ? "ಕೊಳ್ಳುವವನೇ ಎಚ್ಚರ" ಅನ್ನೋ ತತ್ವ 5 ಮಾರ್ಕಿಗೆ ಬರ್ತದೆ. ಅದರ ವಿನಾಯಿತಿಗಳು ಮಾರ್ಕಿಗಷ್ಟೇ ಅಲ್ಲ, ಮನೆಗೂ ಬರ್ತವೆ. ಸೆಕ್ಷನ್ 15: ಯಾವ ವರ್ಣನೆ ಕೊಟ್ಟು ಮಾರಿದ್ದಾರೋ, ಮಾಲು ಅದಕ್ಕೆ ಹೊಂದಬೇಕು. "ರೀಕಂಡೀಷನ್" ಅನ್ನೋದೂ ಒಂದು ವರ್ಣನೆಯೇ. ಬರೀ ಬಣ್ಣ ಹೊಡೆದದ್ದನ್ನ ರೀಕಂಡೀಷನ್ ಅಂತ ಮಾರಿದ್ರೆ ಪ್ರಶ್ನೆ ಮಾಡೋಕೆ ದಾರಿ ಇದೆ. ಸೆಕ್ಷನ್ 16ರಲ್ಲಿ ಒಂದು ಎಚ್ಚರಿಕೆನೂ ಇದೆ: ನೀವೇ ಪರೀಕ್ಷೆ ಮಾಡಿ ತಗೊಂಡಿದ್ರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಆಮೇಲೆ ಜಗಳ ತೆಗೆಯೋ ಹಾಗಿಲ್ಲ. ಗಾರ್ಡ್ ಇಲ್ಲದ್ದು ಕಣ್ಣಿಗೆ ಕಾಣ್ತಿತ್ತು. ಆ ತಪ್ಪು ನಮ್ಮದು, ಒಪ್ಕೊಳ್ತೀನಿ. ಸ್ವಿಚ್ಚಿನ ಒಳಗಿನ ಸ್ಪ್ರಿಂಗ್ ಕಾಣ್ತಿರಲಿಲ್ಲ.

"ದುಡಿಮೆಗೆ ತಗೊಂಡ ಮೆಷಿನ್‌ಗೆ ಗ್ರಾಹಕ ಕಾನೂನು ಬರಲ್ಲ" ಅಂತಲೂ ಹೆದರಿಸ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂತ ತಗೊಂಡವರೂ ಗ್ರಾಹಕರೇ. 5 ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಅರ್ಜಿ ಶುಲ್ಕ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ಕೇಳಬಹುದು. ಜಿಎಸ್‌ಟಿಯಲ್ಲಿ ಹಳೇ ಮಾಲು ಮಾರೋರಿಗೆ ಅಂತಲೇ ಮಾರ್ಜಿನ್ ಮೇಲೆ ತೆರಿಗೆ ಕಟ್ಟೋ ಪದ್ಧತಿ ಇದೆ. ಹಾಗಿರುವಾಗ ಬಿಲ್ ಕೊಡೋಕಾಗಲ್ಲ ಅನ್ನೋದು ನೆಪ.

ಆದ್ರೆ ಇದಕ್ಕೆಲ್ಲ ಕಾಗದ ಬೇಕು. ನಮ್ಮ ಹತ್ರ ಇರ್ಲಿಲ್ಲ. ಅದಕ್ಕೇ ನಮ್ಮ ಕೇಸು ಶುರುವಾಗೋ ಮೊದಲೇ ಮುಗಿದಿತ್ತು.

9/10
ನನಗೆ ಬರೋ ಉತ್ತರಗಳು ಗೊತ್ತು.

"ಹೊಸದಾಗಿದ್ರೂ ಕೈ ಕೊಯ್ದುಕೊಂಡವರು ಇದ್ದಾರೆ." ಹೌದು, ಇದ್ದಾರೆ. ಮಾರ್ಬಲ್ ಕಟರನ್ನ ಮಲಗಿಸಿ ಪ್ಲೈವುಡ್ಡಿನ ಅಡಿಗೆ ಬಿಗಿದು, ಗರಗಸದ ಬ್ಲೇಡ್ ಮೇಲೆ ಬರೋ ಹಾಗೆ ಮಾಡಿ ಮರ ಕೊಯ್ಯೋದು ಎಲ್ಲ ಕಡೆ ನಡೀತದೆ. ಕಲ್ಲು ಕೊಯ್ಯೋ ಮೆಷಿನ್ ಅದು. ಅದಕ್ಕೆ ಹೊಸದೂ ಉಪಯೋಗ ಇಲ್ಲ, ಹಳೇದೂ ಇಲ್ಲ.

"ಗಾರ್ಡ್ ಇದ್ರೆ ಗೆರೆ ಕಾಣಲ್ಲ ಪುಟ್ಟಿ." ಇದು ನಮ್ಮಪ್ಪನ ವಾದ. ಇವತ್ತಿಗೂ ನಮ್ಮಿಬ್ಬರಿಗೆ ಈ ವಿಷಯದಲ್ಲಿ ರಾಜಿ ಆಗಿಲ್ಲ. ಮೂವತ್ತು ವರ್ಷದ ಕೈ ಅವರದು, ಅವರಿಗೆ ಪಾಠ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೆ ಅಂಗಿ ಗುಂಡಿ ಹಾಕೋಕೆ ಈಗ ಅಮ್ಮನನ್ನ ಕರೀತಾರೆ. ಅದನ್ನ ನಾನು ದಿನಾ ನೋಡ್ತೀನಿ.

"ಅಂಗಡಿಯವರೂ ಹೊಟ್ಟೆಪಾಡಿಗೆ ಮಾಡ್ತಾರೆ." ಮಾಡಲಿ. "ಇದು ಹಳೇದು, ಬಿಚ್ಚಿಲ್ಲ, ಗಾರ್ಡ್ ಇಲ್ಲ, 1,000 ಕೊಡಿ" ಅಂತ ಹೇಳಿ ಮಾರಲಿ. ಗಾರ್ಡ್ ತಂದು ಹಾಕ್ಕೊಳ್ತೀವಿ, ಸ್ವಿಚ್ ನಾವೇ ಬದಲಿಸ್ತೀವಿ. ಹಳೇ ಮೆಷಿನ್ ಮೇಲೆ ನನಗೆ ತಕರಾರಿಲ್ಲ. ಹೇಳದೇ ಇದ್ದದ್ದಕ್ಕೆ ತಕರಾರು.

"ಸ್ಪೇರ್ ಸಿಗಲ್ಲ, ಅದಕ್ಕೇ ಹಳೇದು ಬೇಡ." ಈ ಮಾತಲ್ಲಿ ಹುರುಳಿದೆ. ಹೊಸದರಲ್ಲೂ ಇದೇ ಗೋಳು. ತಗೊಳ್ಳೋ ಮೊದಲು ಆ ಮಾಡೆಲ್ಲಿನ ಕಾರ್ಬನ್, ಸ್ವಿಚ್, ಆರ್ಮೇಚರ್ ಸಾಗರದಲ್ಲೋ ಶಿವಮೊಗ್ಗದಲ್ಲೋ ಸಿಗ್ತದಾ ಕೇಳಿ. ಬೆಂಗಳೂರಿನ ಎಸ್‌ಜೆಪಿ ರೋಡಿಗೇ ಹೋಗ್ಬೇಕು ಅಂದ್ರೆ ಬಸ್ ಚಾರ್ಜೂ ಬೆಲೆಗೆ ಸೇರಿಸಿ. ಕೇಂದ್ರ ಸರ್ಕಾರ 2022ರ ಡಿಸೆಂಬರಲ್ಲಿ ರಿಪೇರಿ ಹಕ್ಕಿಗೆ ಅಂತ ಪೋರ್ಟಲ್ ಶುರು ಮಾಡ್ತು, ಕೃಷಿ ಉಪಕರಣವೂ ಅದರಲ್ಲಿದೆ. ಪೋರ್ಟಲ್ ಇದ್ರೆ ಸಾಲದು, ಸ್ಪೇರ್ ಪೇಟೆಗೆ ಬರಬೇಕು.

10/10
ಕೊನೆಗೆ ನಾವು ಎಂತ ಮಾಡಿದ್ವಿ ಅಂತ.

ಅಮ್ಮ ಸಂಘದಲ್ಲಿ 8,000 ಎತ್ತಿದಳು. ಅದರಲ್ಲಿ 4,400ಕ್ಕೆ ಹೊಸ ಕಟರ್, ಗಾರ್ಡ್ ಸಮೇತ, ಬಿಲ್ ಸಮೇತ. ಮೊದಲ ಫೋಟೋದಲ್ಲಿ ಪುಡಿ ಮೆತ್ತಿಕೊಂಡದ್ದು ಅದೇ. 2,300ಕ್ಕೆ ಹಳೇ ಡ್ರಿಲ್, ನಮ್ಮೆದುರೇ ಬಿಚ್ಚಿ ಬೇರಿಂಗ್ ಹಾಕಿ ಕೊಟ್ಟ ವೈಂಡಿಂಗ್ ಅಂಗಡಿಯಿಂದ. ಅವರು ಬಿಳಿ ಹಾಳೆಯಲ್ಲಿ ಏನೇನು ಬದಲಿಸಿದೆ ಅಂತ ಬರೆದು ಸಹಿ ಹಾಕಿ ಆರು ತಿಂಗಳು ಅಂತ ಕೊಟ್ರು. ಉಳಿದ 1,300ರಲ್ಲಿ ಆರ್‌ಸಿಸಿಬಿಗೆ ಹೋದದ್ದು ಹೋಗಿ, ಮಿಕ್ಕಿದ್ದು ಡಿಸ್ಕಿಗೆ, ಕನ್ನಡಕಕ್ಕೆ. ಹೊಳೆಯೋ ಆ ಹಳೇದನ್ನ ಮಾರಿಲ್ಲ. ಮಾರಿದ್ರೆ ಇನ್ನೊಬ್ಬರ ಅಪ್ಪನ ಕೈಗೆ ಹೋಗ್ತದೆ. ವಯರ್ ಕತ್ತರಿಸಿ ಇಟ್ಟಿದ್ದೀನಿ.

ನಿಮ್ಮ ಹತ್ರ ಒಂದೇ ಕೇಳೋದು. ನಮ್ಮ ಕ್ಲಾಸಲ್ಲಿ ಅರ್ಧ ಜನರ ಮನೆಯಲ್ಲಿ ಯಾರಾದ್ರೂ ಮೆಷಿನ್ ಹಿಡಿಯೋರು ಇದ್ದೇ ಇದ್ದಾರೆ. ಈ ಭಾನುವಾರ ಮನೆಗೆ ಹೋದಾಗ ಮೂರು ನೋಡಿ: ಗಾರ್ಡ್ ಇದೆಯಾ, ಸ್ವಿಚ್ ವಾಪಸ್ ಬರ್ತದಾ, ಬಿಲ್ ಎಲ್ಲಿದೆ. ಆಯುಧ ಪೂಜೆ ದಿನ ಮೆಷಿನ್‌ಗೆ ಕುಂಕುಮ ಹಚ್ಚಿ ಫೋಟೋ ಹಾಕ್ತೀವಲ್ಲ, ಈ ಸಲ ಗಾರ್ಡ್ ಹಾಕಿಸಿ ಆಮೇಲೆ ಹಚ್ಚಿ.

ಅಂಗಡಿಯಲ್ಲಿ "ರೀಕಂಡೀಷನ್" ಅಂದ ಕೂಡ್ಲೆ "ಎಂತ ಎಂತ ಬದಲಿಸಿದ್ರಿ? ಬರೆದು ಕೊಡಿ" ಅನ್ನಿ. ನಾಚಿಕೆ ಬೇಡ. ಹತ್ತು ಜನ ಕೇಳಿದ್ರೆ ಹನ್ನೊಂದನೆಯವನಿಗೆ ಅವರೇ ಬರೆದು ಕೊಡ್ತಾರೆ.

ನಿಮ್ಮ ಮನೆಯ ಅನುಭವ ಕಮೆಂಟಲ್ಲಿ ಬರೀರಿ. ಅಂಗಡಿ ಹೆಸರು ಹಾಕಬೇಡಿ, ಮೆಷಿನ್‌ಗೆ ಎಂತ ಆಗಿತ್ತು ಅಂತ ಹಾಕಿ. ನನ್ನ ಲೆಕ್ಕ ತಪ್ಪು ಅನ್ಸಿದ್ರೆ ಅದನ್ನೂ ಬರೀರಿ, ತಿದ್ಕೊಳ್ತೀನಿ.

#ಬಣ್ಣನಂಬಬೇಡಿ #ಬಿಲ್ಕೇಳಿ #ಗಾರ್ಡ್ಹಾಕಿ #ಸಾಗರ #ಹೊಸನಗರ #ತೀರ್ಥಹಳ್ಳಿ #ಮಲೆನಾಡು